ಹಕ್ಕಿಯ ಸ್ವರ ಹಕ್ಕಿಯೇ ಹೇಳಲಿ

ಚೌತಿ ಕಳುದು ನವರಾತ್ರಿ ಹತ್ತರೆ ಬಪ್ಪಗ ಬೆಂಗ್ಳೂರಿನ ಪಾರ್ಕುಗಳಲ್ಲಿ ಹಕ್ಕಿ ನೋಡ್ತ ನಡಿಗೆಗೊಕ್ಕೆ ಜೆನ ಸೇರ್ತವು. ಆಯಿತ್ಯವಾರ ಉದಿಯಪ್ಪಗ 20-30 ಜೆನ, ಕೊರಳಿಲಿ ದುರ್ಬೀನು, ಕೈಲಿ ಮೊಬೈಲು. ಮಕ್ಕಳನ್ನೂ ಕರಕ್ಕೊಂಡು ಹೋಯೆಕ್ಕು ಹೇಳಿಯೇ ಎನ್ನ ವಾದ. ಆದರೆ ಒಂದು ಮಾತು ಬಾಯಿಬಿಟ್ಟು ಹೇಳದ್ದರೆ ಆಗ: ಮೊಬೈಲಿಲಿ ಸ್ವರ ಹಾಕಿ ಹಕ್ಕಿಯ ಬರುಸುತ್ತ ಕ್ರಮ ನಿಲ್ಲೆಕ್ಕು. ರಜ್ಜ ಕಮ್ಮಿ ಮಾಡುದಲ್ಲ, ಪೂರ್ತಿ ನಿಲ್ಲೆಕ್ಕು.

ಎಂಗೊ ಹೋವುತ್ತ ಪಾರ್ಕಿಲಿ ಕಳುದ ವರ್ಷ ನೋಡಿದ್ದು ಇದನ್ನೇ. ನಡಿಗೆ ಮಾಡ್ಸುವವು ಒಂದು ಮರದ ಬುಡಲ್ಲಿ ನಿಂದು ಸ್ಪೀಕರಿಲಿ ಸ್ವರ ಹಾಕಿದವು. ಒಂದರಿ ಅಲ್ಲ, ಏಳೆಂಟು ಸರ್ತಿ. ಒಂದು ಸಣ್ಣ ಹಸುರು ಹಕ್ಕಿ ಕೆಳಾಣ ಗೆಲ್ಲಿಂಗೆ ಇಳುದು, ಅತ್ಲಾಗಿ ಇತ್ಲಾಗಿ ಹಾರಿ ಬೊಬ್ಬೆ ಹಾಕಿತ್ತು. "ನೋಡಿ, ಎಷ್ಟು ಕೊಶಿಲಿ ಉತ್ತರ ಕೊಡ್ತು!" ಹೇಳಿದವು. ಎಲ್ಲೋರು ಫೊಟೊ ತೆಗದವು. ಅದು ಕೊಶಿ ಅಲ್ಲ, ಜಗಳ. ಜಗಳವ ಕೊಶಿ ಹೇಳಿ ಕಲ್ತುಗೊಂಡು ಮಕ್ಕೊ ಮನಗೆ ಹೋದವು.

ಆ ಹಕ್ಕಿಗೆ ಗ್ರೀನಿಶ್ ವಾರ್ಬ್ಲರ್ ಹೇಳ್ತವು. ಕನ್ನಡಲ್ಲಿ ಉಲಿಯಕ್ಕಿ ಹೇಳ್ತ ಜಾತಿದು. ತೂಕ 10 ಗ್ರಾಮಿಂದಲೂ ಕಮ್ಮಿ. ಹಿಮಾಲಯದ ಹೊಡೆಂದ, ಅದರಿಂದಲೂ ಆಚೆ ಮಧ್ಯ ಏಷ್ಯಾದ ಕಾಡುಗಳಿಂದ ಹೆರಟು ಸೆಪ್ಟೆಂಬರಿನ ಹೊತ್ತಿಂಗೆ ನಮ್ಮಲ್ಲಿಗೆ ಬತ್ತು, ಎಪ್ರಿಲ್ ವರೆಗೆ ಇರ್ತು. ಬಂದಪ್ಪಗ ಒಂದೊಂದು ಹಕ್ಕಿಯೂ ತನ್ನದೇ ಹೇಳಿ ಕೆಲವು ಮರಂಗಳ ಹಿಡ್ಕೊಳ್ತು. ಆ ಮರಂಗಳ ಹುಳುವೇ ಅದರ ಅಶನ. ಇನ್ನೊಂದು ಉಲಿಯಕ್ಕಿ ಬಂದರೆ ಕೂಗಿ ಓಡ್ಸೆಕ್ಕು. ನಾವು ಮೊಬೈಲಿಲಿ ಹಾಕುದು ಆ ಇನ್ನೊಂದು ಹಕ್ಕಿಯ ಸ್ವರವನ್ನೇ.

ನಿಂಗೊ ಎರಡು ದಿನ ಬಸ್ಸಿಲಿ ಕೂದು ಬಚ್ಚಿ ಮನಗೆ ಬಂದು ಉಂಬಲೆ ಕೂದಪ್ಪಗ, ಆರೋ ಜಾಲಿಲಿ ನಿಂದು "ಈ ಮನೆ ಇನ್ನು ಎನ್ನದು" ಹೇಳಿ ಬೊಬ್ಬೆ ಹಾಕಿರೆ ಎಂತ ಮಾಡುವಿ? ಊಟ ಬಿಟ್ಟು ಎದ್ದು ಓಡುವಿ. ಹೆರ ನೋಡಿರೆ ಆರೂ ಇಲ್ಲೆ. ಪುನಾ ಕೂದರೆ ಪುನಾ ಬೊಬ್ಬೆ. ಉಲಿಯಕ್ಕಿಯ ಗತಿ ಅದೇ.

ಹೀಂಗೆ ಹೇಳಿರೆ ಉತ್ತರಂಗೊ ತಯಾರಿರ್ತು. "ಪಾರ್ಕಿನ ಹೆರ ಇಷ್ಟು ಹಾರ್ನು ಇಪ್ಪಗ ಮೊಬೈಲು ಎಂತ ದೊಡ್ಡದು?" ಹಾರ್ನು ಹಕ್ಕಿಯ ಭಾಷೆಲಿ ಬೈತ್ತಿಲ್ಲೆ, ಮೊಬೈಲು ಬೈತ್ತು. "ಒಂದರಿ ಹಾಕಿರೆ ಎಂತ ಅಕ್ಕು?" ನಿಂಗೊಗೆ ಒಂದರಿ. ಮತ್ತಾಣ ತಂಡಕ್ಕೂ ಒಂದರಿ, ಅದರ ಮತ್ತಾಣದ್ದಕ್ಕೂ ಒಂದರಿ. ಎಲ್ಲ ತಂಡಕ್ಕೂ ಗೊಂತಿಪ್ಪದು ಅದೇ ಮರ, ಹಕ್ಕಿಯೂ ಅದೇ. "ಸಂಶೋಧಕರು ಹಾಕ್ತವಿಲ್ಲೆಯೋ?" ಹಾಕ್ತವು. ಇರುಳು ಗೂಬೆ ಲೆಕ್ಕ ಮಾಡುವಗ, ಇಂತಿಷ್ಟೇ ಹೊತ್ತು ಹೇಳಿ ನಿಯಮ ಮಡಿಕ್ಕೊಂಡು. ಫೊಟೊಕ್ಕೆ ಬೇಕಾಗಿ ಅಲ್ಲ.

ರಜ್ಜ ತೂಕ ಇಪ್ಪ ಮಾತು ಒಂದೇ: "ಹಕ್ಕಿ ಕಾಣದ್ದರೆ ಮಕ್ಕೊಗೆ ಬೇಜಾರಾವುತ್ತು, ಇನ್ನೊಂದರಿ ಬಾರವು." ಮಕ್ಕೊಗೆ ಕಾವಲೆ ಬಾರದ್ದು ಎಂತಕೆ? ನಾವು ಕಲಿಶದ್ದಕ್ಕೆ. ಹೇಳಿದ ಕೂಡ್ಲೆ ಬಪ್ಪದು ಹೋಟ್ಲಿನ ದೋಸೆ. ಹಕ್ಕಿ ಹಾಂಗಲ್ಲ ಹೇಳಿ ಗೊಂತಪ್ಪಲೇ ಮಕ್ಕಳ ಪಾರ್ಕಿಂಗೆ ಕರಕ್ಕೊಂಡು ಹೋಪದು. ಎನ್ನ ಅತ್ತೆಗೆ ದೂರದ್ದು ಈಗ ಸರಿ ಕಾಣ್ತಿಲ್ಲೆ. ಆದರೂ ಊರಿಲಿ ಅಡಿಗೆ ಒಳ ಕೂದೊಂಡೇ "ಕುಟ್ರು ಕೂಗುತ್ತು", "ಮಡಿವಾಳ ಬಂತು" ಹೇಳುಗು. ಅದು ಸ್ಪೀಕರು ಕಲಿಶಿದ ವಿದ್ಯೆ ಅಲ್ಲ, ತಳಿಯದ್ದೆ ಕೇಳಿ ಬಂದದು.

ಲಾಲ್‌ಬಾಗಿಲಿ 1970ರ ದಶಕಂದಲೇ ತಿಂಗಳ ಎರಡನೇ ಆಯಿತ್ಯವಾರ ಹಕ್ಕಿ ನಡಿಗೆಗೆ ಜೆನ ಸೇರಿಂಡಿತ್ತಿದ್ದವು. ಅಂಬಗ ಮೊಬೈಲು ಎಲ್ಲಿತ್ತು? ದುರ್ಬೀನು ಇತ್ತು, 1941ರಲ್ಲಿ ಬಂದ ಸಾಲಿಂ ಅಲಿಯ ಪುಸ್ತಕ ಇತ್ತು. ಅವಕ್ಕೆ ಹಕ್ಕಿ ಕಂಡಿದಿಲ್ಲೆಯೋ?

ಮೊಬೈಲಿನ ಮನೆಲಿ ಮಡುಗಿ ಹೇಳ್ತಿಲ್ಲೆ ಆನು. ಮರ್ಲಿನ್ ಹಾಂಗಿಪ್ಪ ಆಪು ಹಕ್ಕಿಯ ಸ್ವರ ಕೇಳಿ ಹೆಸರು ಹೇಳ್ತು. ಕೇಳಲಿ. ಕೇಳುದು ಬೇರೆ, ಕೇಳ್ಸುದು ಬೇರೆ.

ಈ ನವರಾತ್ರಿ ರಜೆಲಿ ಮಕ್ಕಳ ಹೆಸರು ಕೊಡುವ ಮದಲು ನಡಿಗೆ ಮಾಡ್ಸುವವರತ್ರೆ ಒಂದು ಮಾತು ಕೇಳಿ: ಸ್ವರ ಹಾಕ್ತಿರೋ? ಹಾಕ್ತೆಯೊ° ಹೇಳಿರೆ ಪೈಸೆ ಕೊಡೇಡಿ, ಹೋಗೇಡಿ. ಎಂತಕೆ ಹೇಳಿಯೂ ಹೇಳಿಕ್ಕಿ. ಹತ್ತು ಮನೆಯವು ಹೀಂಗೆ ಹೇಳಿರೆ ಸ್ಪೀಕರು ಚೀಲದ ಒಳ ಹೋಕು. ಅಷ್ಟರವರೆಗೆ ಹತ್ತರಾಣ ಪಾರ್ಕಿಂಗೆ ನಿಂಗಳೇ ಮಕ್ಕಳ ಕರಕ್ಕೊಂಡು ಹೋಗಿ, ಒಂದು ಮರದ ಬುಡಲ್ಲಿ 20 ನಿಮಿಷ ಮಾತಾಡದ್ದೆ ನಿಲ್ಲಿ. ಅದಕ್ಕೆ ಆರ ಪೈಸೆಯೂ ಬೇಡ.