ಹಳೆಯ ಮೋಟಾರ್‌ಸೈಕಲ್: ಹೊಳಪಿಗಿಂತ ಪರೀಕ್ಷೆ ಮುಖ್ಯ

ಸರಕು ತಲುಪಿಸಲು, ಬಾಕಿ ವಸೂಲಿಗೆ ತಿರುಗಾಡಲು ಹಳೆಯ ಮೋಟಾರ್‌ಸೈಕಲ್ ಕೊಳ್ಳುವ ಸಣ್ಣ ವ್ಯಾಪಾರಿಗಳಲ್ಲಿ ಹಲವರು ಬಣ್ಣದ ಹೊಳಪನ್ನೂ ಮೀಟರಿನ ಅಂಕಿಯನ್ನೂ ನಂಬುತ್ತಾರೆ. ಇವೆರಡನ್ನೂ ಬದಲಿಸುವುದು ಸುಲಭ. ಎಂಜಿನ್ನಿನ ಸವೆತವನ್ನು ಮರೆಮಾಚುವುದು ಅಷ್ಟು ಸುಲಭವಲ್ಲ.

ಆದ್ದರಿಂದ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ವಾಹನವನ್ನು ಪರೀಕ್ಷಿಸುವುದು ಲೇಸು. ಮಾರುವವರು ಮೊದಲೇ ಚಾಲೂ ಮಾಡಿಟ್ಟಿದ್ದರೆ ಸಂಶಯಕ್ಕೆ ಎಡೆಯುಂಟು. ನಾಲ್ಕು ಸ್ಟ್ರೋಕಿನ ಎಂಜಿನ್ ನೀಲಿ ಹೊಗೆ ಉಗುಳಿದರೆ ಆಯಿಲ್ ಉರಿಯುತ್ತಿದೆಯೆಂದು ತಿಳಿಯಬೇಕು. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಮೀಟರಿನ ಓಟ ಕಡಿಮೆಯಿದ್ದು, ಕಾಲಿಡುವ ರಬ್ಬರ್ ಸವೆದು ನುಣುಪಾಗಿದ್ದರೆ ರಬ್ಬರಿನ ಸಾಕ್ಷ್ಯವನ್ನೇ ನಂಬುವುದು ಕ್ಷೇಮ.

ದಾಖಲೆಗಳ ಪರಿಶೀಲನೆಯೂ ಅಷ್ಟೇ ಅಗತ್ಯ. ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ನೋಂದಣಿ ಪತ್ರದೊಡನೆ ತಾಳೆಯಾಗಬೇಕು. ಸಾಲದ ನಮೂದು ರದ್ದಾಗಿರಬೇಕು. 1988ರ ಮೋಟಾರು ವಾಹನ ಕಾಯಿದೆಯ 50ನೇ ಕಲಮಿನಂತೆ, ಕೊಂಡವರು 30 ದಿನಗಳೊಳಗೆ ಮಾಲೀಕತ್ವದ ವರ್ಗಾವಣೆಯನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು.

ನಂಬಿಕೆಯ ಮೆಕ್ಯಾನಿಕ್ಕಿನ ತಪಾಸಣೆಗೆ ಮಾರುವವರು ಒಪ್ಪದಿದ್ದರೆ ವ್ಯವಹಾರವನ್ನು ಕೈಬಿಡುವುದೇ ಜಾಣತನ. ತಪಾಸಣೆಯ ಕೂಲಿಯನ್ನು ಉಳಿಸಹೋಗಿ ಸರಕು ನಡುದಾರಿಯಲ್ಲಿ ನಿಂತರೆ, ನಷ್ಟವಾಗುವುದು ದುರಸ್ತಿಯ ಹಣ ಮಾತ್ರವಲ್ಲ, ಗಿರಾಕಿಯ ವಿಶ್ವಾಸವೂ ಹೌದು.