ಅಪಸ್ಮಾರ ಸಂಶೋಧನೆಯೂ ಅಡಿಕೆ ಸೀಮೆಯ ದುಡಿಮೆಯೂ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿ ಮತ್ತು ಅದರ ಸುತ್ತಲಿನ ಗ್ರಾಮಗಳ ವ್ಯವಹಾರಕ್ಕೆ ಅಡಿಕೆಯೇ ಆಧಾರ. ಮರವೇರಿ ಗೊನೆ ಇಳಿಸುವುದು, ಕತ್ತಿಯಿಂದಲೋ ಯಂತ್ರದಿಂದಲೋ ಸುಲಿಯುವುದು, ಕುದಿಯುವ ಹಂಡೆಯಲ್ಲಿ ಬೇಯಿಸಿ ಚೊಗರು ಹಾಕುವುದು, ಹೀಗೆ ಪ್ರತಿ ಹಂತದಲ್ಲಿಯೂ ಎತ್ತರ, ಅಲಗು ಅಥವಾ ಬೆಂಕಿಯ ಸಹವಾಸವಿದ್ದೇ ಇದೆ. ಒಂದೆರಡು ನಿಮಿಷ ಪ್ರಜ್ಞೆ ತಪ್ಪುವ ಕಾರ್ಮಿಕನಿಗೆ ಇವುಗಳಲ್ಲಿ ಯಾವುದೂ ರಿಯಾಯಿತಿ ತೋರದು. ಆದ್ದರಿಂದ ಅಪಸ್ಮಾರವನ್ನು, ಅಂದರೆ ಜನರು ಮೂರ್ಛೆರೋಗವೆನ್ನುವ ಕಾಯಿಲೆಯನ್ನು, ಕೇವಲ ವೈದ್ಯರ ಪಾಲಿನ ವಿಷಯವೆಂದು ವಾಣಿಜ್ಯ ವಲಯವು ಬದಿಗೆ ಸರಿಸುವುದು ಸಮಂಜಸವಲ್ಲ.

ಈ ಕಾಯಿಲೆಯ ಕುರಿತು ಜಗತ್ತು ಉಲ್ಲೇಖಿಸುವ ಸಂಶೋಧನೆಗಳಲ್ಲಿ ಕೆಲವು ಕರ್ನಾಟಕದ ಹಳ್ಳಿಗಳಲ್ಲಿಯೇ ನಡೆದಿವೆ ಎಂಬುದು ಬಹುಮಂದಿಗೆ ತಿಳಿದಿಲ್ಲ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇಂದಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ 64,963 ಜನರನ್ನು ಸಮೀಕ್ಷಿಸಿ, ಪ್ರತಿ ಸಾವಿರಕ್ಕೆ 3.91 ಮಂದಿಗೆ ಅಪಸ್ಮಾರವಿರುವುದನ್ನು 1998ರಲ್ಲಿ ಪ್ರಕಟಿಸಿದರು. ಅವರು ಅಲ್ಲಿಗೇ ನಿಲ್ಲಲಿಲ್ಲ. ಫಿನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಔಷಧಗಳಲ್ಲಿ ಒಂದನ್ನೇ ಗ್ರಾಮಮಟ್ಟದಲ್ಲಿ ಕ್ರಮವಾಗಿ ನೀಡಿದರೂ ಗಣನೀಯ ಸಂಖ್ಯೆಯ ರೋಗಿಗಳಲ್ಲಿ ಮೂರ್ಛೆ ಹತೋಟಿಗೆ ಬರುತ್ತದೆಂದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಿಮ್ಹಾನ್ಸ್ ತಜ್ಞರು 1,02,557 ಜನರ ನಡುವೆ ನಡೆಸಿದ ಸಮೀಕ್ಷೆ 2004ರಲ್ಲಿ ಹೊರಬಂತು. ನರಸಂಬಂಧಿ ಕಾಯಿಲೆಗಳು ನಗರದಲ್ಲಿ ಲಕ್ಷಕ್ಕೆ 2,190 ಇದ್ದರೆ ಗ್ರಾಮಗಳಲ್ಲಿ 4,070 ಇದ್ದವು. ಅಪಸ್ಮಾರವೊಂದನ್ನೇ ತೆಗೆದುಕೊಂಡರೆ ನಗರದಲ್ಲಿ ಸಾವಿರಕ್ಕೆ 5.7, ಗ್ರಾಮಗಳಲ್ಲಿ 11.9. ಈ ಎರಡು ಅಧ್ಯಯನಗಳ ಗ್ರಾಮೀಣ ಪ್ರಮಾಣಗಳನ್ನು ಹಿಡಿದು ಲೆಕ್ಕ ಹಾಕಿದರೆ, ಹತ್ತು ಸಾವಿರ ಜನಸಂಖ್ಯೆಯುಳ್ಳ ಗ್ರಾಮಗಳ ಗುಂಪೊಂದರಲ್ಲಿ 39ರಿಂದ 119 ಮಂದಿ ಈ ಕಾಯಿಲೆಯೊಡನೆ ಬದುಕುತ್ತಿರಬಹುದು. ಅವರಲ್ಲಿ ದುಡಿಯುವ ವಯಸ್ಸಿನವರೂ ಇದ್ದಾರೆ.

ದಕ್ಷಿಣ ಕರ್ನಾಟಕಕ್ಕೆ ವಿಶೇಷವಾಗಿ ಅಂಟಿಕೊಂಡ ಬಗೆಯೊಂದಿದೆ. ಅದು ಬಿಸಿನೀರಿನ ಅಪಸ್ಮಾರ. ಹಂಡೆಯಲ್ಲಿ ಕಾಯಿಸಿದ, 40ರಿಂದ 50 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರನ್ನು ಚೊಂಬಿನಿಂದ ಬೇಗಬೇಗನೆ ತಲೆಗೆ ಸುರಿದುಕೊಳ್ಳುವಾಗ ಮೂರ್ಛೆ ಬರುವುದು ಇದರ ಲಕ್ಷಣ. ಜಪಾನ್, ಟರ್ಕಿ ದೇಶಗಳಿಂದಲೂ ವರದಿಗಳಿದ್ದರೂ ದೊಡ್ಡ ಸಂಖ್ಯೆಯ ರೋಗಿಗಳು ಕಂಡುಬಂದದ್ದು ಈ ಭಾಗದಲ್ಲಿಯೇ. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 1988ರಲ್ಲಿ 279 ರೋಗಿಗಳ ವಿವರವನ್ನು ಪ್ರಕಟಿಸಿದರು. ಮುಂದೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಜೊತೆಗೂಡಿ ಇದರ ವಂಶವಾಹಿ ಮೂಲದ ಶೋಧವೂ ನಡೆಯಿತು. ನೀರಿನ ಬಿಸಿ ತಗ್ಗಿಸುವುದು, ಕೆಲವರಿಗೆ ವೈದ್ಯರ ಸಲಹೆಯಂತೆ ತಲೆಸ್ನಾನಕ್ಕೆ ಮೊದಲು ಮಾತ್ರೆ ಕೊಡುವುದು, ಪರಿಹಾರ ಇಷ್ಟು ಸರಳವಾದದ್ದು! ಆದರೂ ಗ್ರಹಚಾರವೆಂದೋ ದೇವರ ಕಾಟವೆಂದೋ ವರ್ಷಗಟ್ಟಲೆ ಹರಕೆ ಹೊರುವ ಮನೆಗಳು ಇಲ್ಲದಿಲ್ಲ.

ಸಿದ್ಧ ಉತ್ತರವಿರುವ ಕಾಯಿಲೆಯೊಂದು ಹೀಗೆ ಚಿಕಿತ್ಸೆಯಿಲ್ಲದೆ ಉಳಿಯುವುದೇಕೆ? ಉದ್ಯಮಿಗಳಿಗೆ ಇದರ ಕಾರಣ ಸುಲಭವಾಗಿ ಅರ್ಥವಾದೀತು. ಲಾಭವಿಲ್ಲದ ಮಾತ್ರೆಗೆ ಮಾರಾಟ ಪ್ರತಿನಿಧಿಗಳಿರುವುದಿಲ್ಲ. ಮಹಾನಗರಗಳ ಆಸ್ಪತ್ರೆಗಳಲ್ಲಿ ಹೊಸ ಔಷಧಗಳ ಪ್ರಯೋಗಕ್ಕೆ ಬಂಡವಾಳ ಹರಿಯುತ್ತದೆ, ಅದು ಸಹಜವೂ ಹೌದು. ಆದರೆ ಹಳೆಯ ಔಷಧವು ಹೋಬಳಿಯೊಂದರಲ್ಲಿ ವರ್ಷವಿಡೀ ತಪ್ಪದೆ ದೊರೆತರೆ ಎಷ್ಟು ದುಡಿಮೆಯ ದಿನಗಳು ಉಳಿಯುತ್ತವೆ ಎಂಬ ಪ್ರಶ್ನೆಗೆ ಯಾವ ಕಂಪನಿಯೂ ಹಣ ಹೂಡುವುದಿಲ್ಲ. ಈ ಔಷಧಗಳನ್ನು ಹಠಾತ್ತನೆ ನಿಲ್ಲಿಸಿದರೆ ಮೂರ್ಛೆ ಮರುಕಳಿಸುವ ಅಪಾಯವಿರುವುದರಿಂದ, ದಾಸ್ತಾನು ಮುಗಿದ ಎರಡು ವಾರವೂ ರೋಗಿಗೆ ದುಬಾರಿಯೇ.

ಸರ್ಕಾರವು ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ನರರೋಗಗಳ ಕುರಿತು ತರಬೇತಿ ನೀಡುವ ಕೆಲಸವನ್ನು ಕೈಗೊಂಡಿತು. ಇದು ಸ್ತುತ್ಯರ್ಹ ಕ್ರಮ. ಆದರೆ ಯಳಂದೂರು, ಬೆಂಗಳೂರು ಸಮೀಕ್ಷೆಗಳು ರೋಗಿಗಳನ್ನು ಎಣಿಸಿದವೇ ಹೊರತು ಅಡಿಕೆ ಸೀಮೆಯ ದುಡಿಮೆಯ ಲೆಕ್ಕವನ್ನು ಹಿಡಿಯಲಿಲ್ಲ. ಮರವೇರುವವರು, ಹಮಾಲರು, ಚೇಣಿದಾರರ ಕೈಕೆಳಗಿನ ದಿನಗೂಲಿಗಳು ಯಾವ ಸಂಸ್ಥೆಯ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ಅವರನ್ನು ಬಲ್ಲವರು ಮಂಡಿ ವರ್ತಕರು, ಚೇಣಿದಾರರು ಮತ್ತು ಅಡಿಕೆ ಸಹಕಾರ ಸಂಘಗಳು. ದಾವಣಗೆರೆ ಮತ್ತು ಶಿವಮೊಗ್ಗಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಈ ಎರಡು ಕಡೆಯವರು ಒಂದೆಡೆ ಕುಳಿತರೆ ಉಬ್ರಾಣಿಯಂಥ ಹೋಬಳಿಯೊಂದರಲ್ಲಿ ಮೂರು ವರ್ಷಗಳ ಅಧ್ಯಯನ ಅಸಾಧ್ಯವೇನಲ್ಲ.

2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ಶೇ. 2ರ ನಿಯಮವು ದೊಡ್ಡ ಕಂಪನಿಗಳಿಗಷ್ಟೇ ಅನ್ವಯಿಸುತ್ತದೆ, ತಾಲ್ಲೂಕು ಮಟ್ಟದ ಮಂಡಿಗಳು ಅದರ ವ್ಯಾಪ್ತಿಗೆ ಬರುವುದು ವಿರಳ ಎಂಬ ಆಕ್ಷೇಪ ಬರಬಹುದು. ಅದು ನಿಜ. ಆದರೆ ಇಲ್ಲಿ ಬೇಕಿರುವ ಹಣ ದೊಡ್ಡದಲ್ಲ. ಔಷಧ ದಾಸ್ತಾನು, ಕ್ಷೇತ್ರ ಕಾರ್ಯಕರ್ತರ ವೇತನ, ತಿಂಗಳಿಗೊಮ್ಮೆ ತಜ್ಞರ ಭೇಟಿ, ಇವಿಷ್ಟನ್ನು ವರ್ತಕರ ಸಂಘವೊಂದು ಭರಿಸಬಲ್ಲದು.

ಒಂದು ಎಚ್ಚರಿಕೆ ಮಾತ್ರ ಅತ್ಯಗತ್ಯ. ಹಣ ಕೊಟ್ಟವರಿಗೆ ರೋಗಿಗಳ ಹೆಸರು ತಿಳಿಯಕೂಡದು. ಕಾಯಿಲೆ ಬಯಲಾದರೆ ಕೆಲಸ ಹೋಗುವುದೆಂಬ ಭಯವಿರುವವರೆಗೆ ಯಾರೂ ಸಮೀಕ್ಷಕರ ಮುಂದೆ ಬಾಯಿ ಬಿಡಲಾರರು. ಆ ಭಯ ನಿರಾಧಾರವೂ ಅಲ್ಲ. ಅಪಸ್ಮಾರವನ್ನು ವಿವಾಹಕ್ಕೆ ಅಡ್ಡಿಯೆಂದು ಕಾನೂನೇ 1999ರ ತಿದ್ದುಪಡಿಯವರೆಗೆ ಪರಿಗಣಿಸುತ್ತಿತ್ತು. ಪಟ್ಟಿ ವೈದ್ಯಕೀಯ ಕಾಲೇಜಿನಲ್ಲಿಯೇ ಇರಬೇಕು, ನೈತಿಕ ಸಮಿತಿಯ ಒಪ್ಪಿಗೆ ಮತ್ತು ಪ್ರತಿಯೊಬ್ಬರ ಲಿಖಿತ ಸಮ್ಮತಿ ಇರಬೇಕು.

ಅಧ್ಯಯನ ಮುಗಿಯುವವರೆಗೆ ಕಾಯಬೇಕಿಲ್ಲದ ಕೆಲಸಗಳೂ ಇವೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದ ಮೇಲೆ ನಿಂತೇ ಗೊನೆ ಇಳಿಸಬಹುದಾಗಿದೆ. ಮೂರ್ಛೆ ಬರುವವರನ್ನು ಮರ ಮತ್ತು ಹಂಡೆಗಳಿಂದ ದೂರವಿರಿಸಿ ಆರಿಸುವ, ಒಣಗಿಸುವ, ತೂಗುವ ಕೆಲಸಗಳಿಗೆ ಅದೇ ಕೂಲಿಯಲ್ಲಿ ಹಚ್ಚಬಹುದು. ಕೊಯ್ಲು ಆರಂಭವಾಗುವ ಮುನ್ನ ವರ್ತಕರ ಸಂಘಗಳು ಚೇಣಿದಾರರ ಸಭೆ ಕರೆದು ಇದನ್ನು ಇತ್ಯರ್ಥಪಡಿಸಿಕೊಳ್ಳಬಹುದು. ಬೇಯಿಸುವ ಹಂಡೆಗಳ ಸುತ್ತ ಸೊಂಟದೆತ್ತರದ ಕಟಾಂಜನ ಕಟ್ಟಿಸುವ ಖರ್ಚು ಯಾರದು ಎಂಬುದೂ ಅದೇ ಸಭೆಯಲ್ಲಿ ತೀರ್ಮಾನವಾಗಬೇಕು.