ಚಳಿಗಾಲದ ಮೌನಕ್ಕೆ ಮಳೆಗಾಲದಲ್ಲಿ ದಂಡ

ಡಿಸೆಂಬರ್ ತಿಂಗಳ ಮುಂಜಾವಿನಲ್ಲಿ ಸುಬ್‌ಹಿ ನಮಾಝ್‌ಗೆಂದು ಮನೆಯಿಂದ ಹೊರಡುವವರಿಗೆ ಬೀದಿಯಲ್ಲಿ ಮೊದಲು ಎದುರಾಗುವವರು ಯಾರು? ತಲೆಗೆ ಬಟ್ಟೆ ಬಿಗಿದುಕೊಂಡು, ಉದ್ದ ಹಿಡಿಯ ಪೊರಕೆಯೊಂದಿಗೆ ರಸ್ತೆ ಗುಡಿಸುತ್ತಿರುವ ಪೌರಕಾರ್ಮಿಕ ಮಹಿಳೆ. ಸ್ವಲ್ಪ ಮುಂದೆ ಹೋದರೆ ವಾಲ್ವ್ ತಿರುಗಿಸಲು ಸೈಕಲ್ ಏರಿ ಬಂದ ನೀರುಗಂಟಿ. ಊರು ಕಂಬಳಿ ಹೊದ್ದು ಮಲಗಿರುವಾಗ ಊರಿನ ಆಡಳಿತವನ್ನು ನಡೆಸುತ್ತಿರುವವರು ನಿಜಕ್ಕೂ ಇವರೇ. ಅವರ ಹಿಂದೆ ನಗರಸಭೆ ಎಂಬ ಒಂದು ಸಂಸ್ಥೆಯಿದೆ, ಅದಕ್ಕೆ ಆರೋಗ್ಯ ಶಾಖೆ, ತಾಂತ್ರಿಕ ಶಾಖೆ, ಕಂದಾಯ ಶಾಖೆಗಳಿವೆ, ಪೌರಾಯುಕ್ತರಿದ್ದಾರೆ, ಎಂಜಿನಿಯರುಗಳಿದ್ದಾರೆ. ಈ ಶಾಖೆಗಳು ಚಳಿಗಾಲದಲ್ಲಿ ಏನು ಮಾಡುತ್ತವೆ ಎಂದು ನಾವೆಂದಾದರೂ ವಿಚಾರಿಸಿದ್ದೇವೆಯೇ?

ಇಲ್ಲ. ಏಕೆಂದರೆ ಚಳಿಗಾಲದಲ್ಲಿ ನಮಗೆ ನೋವಾಗುವುದಿಲ್ಲ. ಮಳೆಗಾಲದಲ್ಲಿ ಚರಂಡಿಯ ನೀರು ಮನೆಯೊಳಗೆ ನುಗ್ಗಿದಾಗ ನಾವು ಬೊಬ್ಬಿಡುತ್ತೇವೆ. ಬೇಸಿಗೆಯಲ್ಲಿ ನಲ್ಲಿ ಒಣಗಿದಾಗ ಖಾಲಿ ಕೊಡಗಳೊಂದಿಗೆ ನಗರಸಭೆಯ ಮುಂದೆ ಕುಳಿತುಕೊಳ್ಳುತ್ತೇವೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ನಾಲ್ಕು ತಿಂಗಳು ಮಾತ್ರ ನಮ್ಮ ಪಾಲಿಗೆ ಸುಖದ ಕಾಲ. ಆದರೆ ನಗರಸಭೆ ತನ್ನ ಕೆಲಸವನ್ನು ಸರಿಯಾಗಿ ಮಾಡಬಲ್ಲ ಕಾಲವೂ ಇದೇ ಎಂಬುದನ್ನು ನಾವು ಮರೆತಿದ್ದೇವೆ. ನಮ್ಮ ಮೌನದ ಈ ನಾಲ್ಕು ತಿಂಗಳಲ್ಲಿ ಕಳೆದುಕೊಂಡದ್ದನ್ನು ಉಳಿದ ಎಂಟು ತಿಂಗಳ ಕೂಗಾಟದಿಂದ ಮರಳಿ ಪಡೆಯಲು ಸಾಧ್ಯವಿಲ್ಲ. ಈ ಮಾತನ್ನು ನಾವು ನಗರಸಭೆಗೂ ಹೇಳಬೇಕಾಗಿದೆ, ನಮಗೆ ನಾವೇ ಕೂಡ ಹೇಳಿಕೊಳ್ಳಬೇಕಾಗಿದೆ.

ರಸ್ತೆಯನ್ನೇ ತೆಗೆದುಕೊಳ್ಳಿ. ಡಾಂಬರಿಗೆ ನೀರೇ ಶತ್ರು. ಒದ್ದೆ ನೆಲದ ಮೇಲೆ ಹಾಕಿದ ಡಾಂಬರು ಜಲ್ಲಿಯನ್ನು ಹಿಡಿದುಕೊಳ್ಳುವುದಿಲ್ಲ ಎಂಬುದು ಗುತ್ತಿಗೆದಾರನಿಗೂ ಗೊತ್ತು, ಎಂಜಿನಿಯರಿಗೂ ಗೊತ್ತು. ಆದ್ದರಿಂದ ಮಳೆ ನಿಂತು ನೆಲ ಒಣಗಿದ ಕೂಡಲೇ ಗುಂಡಿಗಳಿಗೆ ತೇಪೆ ಹಾಕಬೇಕು. ಆದರೆ ನಮ್ಮ ಹೆಚ್ಚಿನ ಊರುಗಳಲ್ಲಿ ಆಗುವುದೇನು? ಅಂದಾಜು ಪಟ್ಟಿ ತಯಾರಿಸಲು, ಅದಕ್ಕೆ ಅನುಮೋದನೆ ಪಡೆಯಲು, ಟೆಂಡರ್ ಕರೆಯಲು ಚಳಿಗಾಲ ಕಳೆದುಹೋಗುತ್ತದೆ. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತದೆ ಎಂಬ ನೆನಪಾದಾಗ ಎಲ್ಲರಿಗೂ ಒಮ್ಮೆಲೇ ಅವಸರ. ಮಾರ್ಚ್‌ನ ಕೊನೆಯ ವಾರದಲ್ಲಿ ರಾತೋರಾತ್ರಿ ಹಾಕಿದ ರಸ್ತೆ ಜೂನ್‌ನ ಮೊದಲ ಮಳೆಗೆ ಎದ್ದುಹೋದರೆ ಅದಕ್ಕೆ ಮಳೆಯನ್ನು ದೂರುವುದು ನ್ಯಾಯವೇ?

ಚರಂಡಿಯ ಕಥೆಯೂ ಬೇರೆಯಲ್ಲ. ಹೂಳೆತ್ತುವ ಕೆಲಸ ಆರಂಭವಾಗುವುದು ಸಾಮಾನ್ಯವಾಗಿ ಮೇ ತಿಂಗಳ ಕೊನೆಯಲ್ಲಿ, ಮೋಡ ಕಟ್ಟಿದ ಮೇಲೆ. ಎತ್ತಿದ ಹೂಳನ್ನು ಚರಂಡಿಯ ದಂಡೆಯಲ್ಲೇ ಗುಡ್ಡೆ ಹಾಕಿ ಹೋಗುತ್ತಾರೆ. ಮೊದಲ ಮಳೆ ಅದನ್ನು ಮರಳಿ ಚರಂಡಿಗೇ ಇಳಿಸುತ್ತದೆ. ಬಿಲ್ ಮಾತ್ರ ಪಾವತಿಯಾಗಿರುತ್ತದೆ. ಇದೇ ಕೆಲಸವನ್ನು ಜನವರಿಯಲ್ಲಿ ಮಾಡಿದರೆ ಹೂಳು ಎರಡು ದಿನದಲ್ಲಿ ಒಣಗುತ್ತದೆ, ಸಾಗಿಸಲು ಹಗುರವಾಗುತ್ತದೆ, ಚರಂಡಿಯ ಗೋಡೆ ಎಲ್ಲಿ ಒಡೆದಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ದುರಸ್ತಿಗೆ ನಾಲ್ಕು ತಿಂಗಳ ಸಮಯವೂ ಉಳಿಯುತ್ತದೆ. ಇದನ್ನು ತಿಳಿಯಲು ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಹಾಗಾದರೆ ಜನವರಿಯಲ್ಲಿ ಏಕೆ ಮಾಡುವುದಿಲ್ಲ? ಜನವರಿಯಲ್ಲಿ ಯಾರೂ ಕೇಳುವುದಿಲ್ಲ ಎಂಬುದೇ ಉತ್ತರ.

ಇನ್ನೂ ಒಂದು ಸಂಗತಿಯಿದೆ. ಸಕಾಲದಲ್ಲಿ ಮಾಡದ ಕೆಲಸ ಕೊನೆಗೆ ‘ತುರ್ತು ಕಾಮಗಾರಿ’ಯಾಗುತ್ತದೆ. ಸರಕಾರಿ ಖರೀದಿ ಮತ್ತು ಕಾಮಗಾರಿಗಳಲ್ಲಿ ಪಾರದರ್ಶಕತೆಯಿರಲೆಂದು ಕರ್ನಾಟಕದಲ್ಲಿ 1999ರ ಕಾಯ್ದೆಯೊಂದಿದೆ. ನೈಸರ್ಗಿಕ ವಿಕೋಪ ಮತ್ತು ತುರ್ತು ಪರಿಸ್ಥಿತಿಗಳಿಗೆ ಅದು ವಿನಾಯಿತಿ ನೀಡುತ್ತದೆ. ಈ ವಿನಾಯಿತಿ ಅಗತ್ಯವೇ. ಆದರೆ ಪ್ರತಿ ವರ್ಷ ತಪ್ಪದೆ ಬರುವ ಮಳೆಯನ್ನೂ ಬೇಸಿಗೆಯನ್ನೂ ಅನಿರೀಕ್ಷಿತ ಎಂದು ಬಗೆಯುವ ಆಡಳಿತವನ್ನು ಏನೆನ್ನಬೇಕು? ಬೇಸಿಗೆ ಬರುವ ವಿಷಯ ಗೊತ್ತಿದ್ದೂ ಕೊಳವೆಬಾವಿಯ ಪಂಪು, ಒಡೆದ ಪೈಪು, ತೊಳೆಯದ ಓವರ್‌ಹೆಡ್ ಟ್ಯಾಂಕುಗಳನ್ನು ಚಳಿಗಾಲದಲ್ಲಿ ನೋಡದೆ, ಏಪ್ರಿಲ್‌ನಲ್ಲಿ ಟ್ಯಾಂಕರ್‌ಗಳಿಗೆ ಹಣ ಸುರಿಯುವುದು ಅಸಾಮರ್ಥ್ಯವೋ ಅಥವಾ ಅದರಲ್ಲಿ ಯಾರದೋ ಸಾಮರ್ಥ್ಯವಿದೆಯೋ?

ನೀರಿನ ವಿಷಯದಲ್ಲಿ ಈ ಅಸಡ್ಡೆಗೆ ಪ್ರಾಣವನ್ನೇ ತೆರಬೇಕಾಗಬಹುದು. ನಮ್ಮ ಊರುಗಳಲ್ಲಿ ನೀರು ಬರುವುದು ಎರಡು ಮೂರು ದಿನಗಳಿಗೊಮ್ಮೆ, ಕೆಲವೆಡೆ ವಾರಕ್ಕೊಮ್ಮೆ. ಪೈಪು ಖಾಲಿಯಾದಾಗ ಅದರ ಬಿರುಕುಗಳು ಹೊರಗಿನ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಚರಂಡಿಯ ಮಗ್ಗುಲಲ್ಲೇ, ಕೆಲವು ಕಡೆ ಚರಂಡಿಯ ಒಳಗೇ ಹಾದುಹೋಗುವ ಕುಡಿಯುವ ನೀರಿನ ಪೈಪುಗಳನ್ನು ನಾವೆಲ್ಲ ನೋಡಿದ್ದೇವೆ. ವಾಂತಿಭೇದಿ ಹಬ್ಬಿದ ಮೇಲೆ ಸಚಿವರು ಬರುತ್ತಾರೆ, ಪರಿಹಾರ ಘೋಷಣೆಯಾಗುತ್ತದೆ, ಕಿರಿಯ ನೌಕರನೊಬ್ಬ ಅಮಾನತಾಗುತ್ತಾನೆ. ಆ ಪೈಪನ್ನು ಬದಲಿಸಬೇಕೆಂಬ ಕಡತ ಹಿಂದಿನ ಚಳಿಗಾಲದಲ್ಲಿ ಯಾರ ಮೇಜಿನ ಮೇಲಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಸೊಳ್ಳೆಯ ವಿಷಯವೂ ಹೀಗೆಯೇ. 2024ರಲ್ಲಿ ರಾಜ್ಯದಲ್ಲಿ ಡೆಂಗ್ಯೂ ಎಷ್ಟು ಉಲ್ಬಣಿಸಿತೆಂದರೆ, ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸರಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ಗೊತ್ತುಪಡಿಸಿತು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲದು. ಡ್ರಮ್ಮಿನ ಗೋಡೆಗೆ, ಹಳೆಯ ಟೈರಿನ ಒಳಮೈಗೆ ಅಂಟಿಕೊಂಡು ಚಳಿಗಾಲವನ್ನು ಕಳೆದು, ನೀರು ತಾಗಿದೊಡನೆ ಮರಿಯಾಗುತ್ತದೆ. ಜುಲೈಯಲ್ಲಿ ಹೊಗೆ ಬಿಡುವ ಯಂತ್ರ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ನೀರಿನಲ್ಲಿರುವ ಮರಿಯನ್ನಲ್ಲ. ಆದರೆ ಹೊಗೆ ಕಣ್ಣಿಗೆ ಕಾಣುತ್ತದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಜನವರಿಯಲ್ಲಿ ಮನೆ ಮನೆಗೆ ಬಂದು ಡ್ರಮ್ಮು ತಿಕ್ಕಿ ತೊಳೆಯಿರೆಂದು ಹೇಳುವ ಆರೋಗ್ಯ ನಿರೀಕ್ಷಕನ ಫೋಟೋ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ನಾವು ಆತನನ್ನು ಗೇಟಿನಲ್ಲೇ ನಿಲ್ಲಿಸಿ ಕಳುಹಿಸಿಬಿಡುತ್ತೇವೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಇನ್ನು ಬಜೆಟ್. ಮುಂದಿನ ವರ್ಷ ಯಾವ ವಾರ್ಡಿಗೆ ಎಷ್ಟು ಎಂಬುದು ತೀರ್ಮಾನವಾಗತೊಡಗುವುದೇ ಡಿಸೆಂಬರ್-ಜನವರಿಯಲ್ಲಿ. ನಗರಸಭೆಗಳು ಆ ದಿನಗಳಲ್ಲಿ ಬಜೆಟ್ ಪೂರ್ವಭಾವಿ ಸಭೆ ಕರೆದು ಸಾರ್ವಜನಿಕರ ಸಲಹೆ ಕೇಳುತ್ತವೆ. ನಾವು ಅಂತಹ ಸಭೆಗಳಲ್ಲಿ ಕುಳಿತು ನೋಡಿದ್ದೇವೆ. ಮುಂದಿನ ಸಾಲಿನಲ್ಲಿ ವರ್ತಕರ ಸಂಘದವರು, ನಿವೃತ್ತ ನೌಕರರು, ಒಂದಿಬ್ಬರು ವಕೀಲರು. ಹಿಂದಿನ ಸಾಲುಗಳೆಲ್ಲ ಖಾಲಿ. ಚರಂಡಿ ಉಕ್ಕುವ ಓಣಿಯಿಂದ ಬಂದವರು ಒಬ್ಬರೂ ಇಲ್ಲ. ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ. 24.10ನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇ. 7.25ನ್ನು ಇತರ ಬಡವರ್ಗದವರಿಗೆ, ಶೇ. 5ನ್ನು ವಿಕಲಚೇತನರಿಗೆ ಮೀಸಲಿಡುವ ವ್ಯವಸ್ಥೆ ರಾಜ್ಯದಲ್ಲಿದೆ. ನಮ್ಮ ಓದುಗರಲ್ಲಿ ಎಷ್ಟು ಮಂದಿ ಈ ಶೇ. 7.25ರ ಹೆಸರು ಕೇಳಿದ್ದಾರೆ? ಅದರಲ್ಲಿ ಎಷ್ಟು ಖರ್ಚಾಯಿತು, ಯಾರಿಗೆ ಸಂದಿತು, ಎಷ್ಟು ಉಳಿಯಿತು ಎಂದು ಎಷ್ಟು ಮಂದಿ ಕೇಳಿದ್ದಾರೆ?

‘ನಮ್ಮ ಬಡಾವಣೆಗಳನ್ನು ಅವರು ಬೇಕೆಂದೇ ಕಡೆಗಣಿಸುತ್ತಾರೆ’ ಎಂಬ ದೂರು ನಮ್ಮಲ್ಲಿ ಹಳೆಯದು. ಅದು ಸುಳ್ಳೆಂದು ನಾವು ಹೇಳುವುದಿಲ್ಲ. ಮುಸ್ಲಿಮರು ಒತ್ತೊತ್ತಾಗಿ ವಾಸಿಸುವ ಪ್ರದೇಶಗಳಲ್ಲಿ ನಾಗರಿಕ ಸೌಲಭ್ಯಗಳ ಕೊರತೆಯಿದೆ ಎಂಬುದರತ್ತ 2006ರ ಸಾಚಾರ್ ಸಮಿತಿ ವರದಿಯೇ ದೇಶದ ಗಮನ ಸೆಳೆದಿತ್ತು. ದಲಿತರ ಕೇರಿಗಳ, ಕೂಲಿಕಾರರ ಕಾಲನಿಗಳ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿಲ್ಲ. ಆದರೆ ತಾರತಮ್ಯವನ್ನು ಸಾಬೀತುಪಡಿಸಲು ದಾಖಲೆ ಬೇಕು. ನಾವು ಲಿಖಿತ ದೂರು ಕೊಟ್ಟಿಲ್ಲ, ಹಿಂಬರಹ ಪಡೆದಿಲ್ಲ, ನಮ್ಮ ವಾರ್ಡಿಗೂ ಪಕ್ಕದ ವಾರ್ಡಿಗೂ ಮೂರು ವರ್ಷಗಳಲ್ಲಿ ಎಷ್ಟೆಷ್ಟು ಹಣ ಬಂದಿದೆ ಎಂಬ ಲೆಕ್ಕ ಕೇಳಿಲ್ಲ. 2005ರಿಂದ ನಮ್ಮ ಕೈಯಲ್ಲಿ ಮಾಹಿತಿ ಹಕ್ಕು ಕಾಯ್ದೆಯಿದೆ. 30 ದಿನಗಳಲ್ಲಿ ಉತ್ತರಿಸುವುದು ಅಧಿಕಾರಿಯ ಕರ್ತವ್ಯ. ಚಹಾದಂಗಡಿಯಲ್ಲಿ ಆಡಿದ ದೂರು ಯಾವ ಕಡತವನ್ನೂ ಸೇರುವುದಿಲ್ಲ. ಕಡತ ಸೇರದ ಅನ್ಯಾಯವನ್ನು ಆಡಳಿತ ಅನ್ಯಾಯವೆಂದು ಒಪ್ಪುವುದೂ ಇಲ್ಲ.

‘ಅದಕ್ಕೆಲ್ಲ ನಮ್ಮ ಕೌನ್ಸಿಲರ್ ಇದ್ದಾರಲ್ಲ’ ಎನ್ನುವವರಿದ್ದಾರೆ. ಇದ್ದಾರೆಯೇ? 2018ರ ಆಗಸ್ಟ್‌ನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ವಿವಾದದಿಂದಾಗಿ ಗೆದ್ದವರು 2020ರ ಕೊನೆಯವರೆಗೂ ಅಧಿಕಾರ ಹಿಡಿಯಲಿಲ್ಲ. ಎರಡನೇ ಅವಧಿಯ ಮೀಸಲಾತಿ ಪಟ್ಟಿಗಾಗಿ ಮತ್ತೆ 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಅಷ್ಟು ಕಾಲ ಆಡಳಿತಾಧಿಕಾರಿಗಳದ್ದೇ ರಾಜ್ಯಭಾರ. 1992ರಲ್ಲಿ ಸಂಸತ್ತು ಅಂಗೀಕರಿಸಿ 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನೀರು, ನೈರ್ಮಲ್ಯ, ರಸ್ತೆ, ಬೀದಿದೀಪ, ಸ್ಮಶಾನ, ಜನನ-ಮರಣ ನೋಂದಣಿ ಸೇರಿ 18 ವಿಷಯಗಳನ್ನು ಊರಿನ ಆಡಳಿತಕ್ಕೆ ಒಪ್ಪಿಸಬಹುದೆಂದು ಪಟ್ಟಿ ಮಾಡಿದೆ. ಅದೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರಗಳಿಗೆ ಮಾತ್ರ. ಗಂಗಾವತಿ, ಚಿಂತಾಮಣಿ, ಪುತ್ತೂರಿನಂತಹ ಊರುಗಳ ಜನರಿಗೆ ಸಂವಿಧಾನದ ಆ ಖಾತರಿಯೂ ಇಲ್ಲ. ಹೀಗಿರುವಾಗ, ಆಯ್ಕೆಯಾದ ಪ್ರತಿನಿಧಿಯೂ ಇಲ್ಲದ ದಿನಗಳಲ್ಲಿ ನಾಗರಿಕನೇ ಸುಮ್ಮನಿದ್ದರೆ ನಗರಸಭೆಯನ್ನು ಪ್ರಶ್ನಿಸುವವರು ಯಾರು?

ವಿಪರ್ಯಾಸವೆಂದರೆ, ಸ್ವಂತ ಕೆಲಸವಿದ್ದಾಗ ನಮಗೆ ನಗರಸಭೆಯ ದಾರಿ ಚೆನ್ನಾಗಿ ಗೊತ್ತು. 2025ರ ಫೆಬ್ರವರಿಯಲ್ಲಿ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ಬಿ-ಖಾತಾ ನೀಡುವ ಅಭಿಯಾನ ಆರಂಭವಾದಾಗ ಕಂದಾಯ ಶಾಖೆಯ ಮುಂದೆ ಸಾಲುಗಟ್ಟಿ ನಿಂತವರಲ್ಲಿ ನಾವೂ ಇದ್ದೆವು. ತಪ್ಪಲ್ಲ, ಅದು ನಮ್ಮ ಹಕ್ಕು. ಆದರೆ ಖಾತೆಗಾಗಿ ದಿನವಿಡೀ ನಿಂತ ಕಾಲುಗಳು ಓಣಿಯ ಚರಂಡಿಗಾಗಿ ಅರ್ಧ ಗಂಟೆ ನಿಲ್ಲುವುದಿಲ್ಲವೇಕೆ? ತೆರಿಗೆಯ ವಿಷಯದಲ್ಲೂ ನಾವು ಆತ್ಮಾವಲೋಕನ ಮಾಡಿಕೊಳ್ಳಬೇಕು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿಯಿದೆ. ಅದನ್ನು ಬಿಟ್ಟು, ಜನವರಿಯಲ್ಲಿ ಬಿಲ್ ಕಲೆಕ್ಟರ್ ಬಾಗಿಲು ತಟ್ಟಿದಾಗ ‘ಯಜಮಾನರು ಮನೆಯಲ್ಲಿಲ್ಲ’ ಎಂದು ಮಕ್ಕಳಿಂದ ಹೇಳಿಸುವವರು ಬೀದಿದೀಪ ಉರಿಯುತ್ತಿಲ್ಲವೆಂದು ಯಾವ ಬಾಯಿಂದ ಕೇಳಬೇಕು?

ಜನನ ಪ್ರಮಾಣಪತ್ರದ ವಿಷಯವನ್ನು ವಿಶೇಷವಾಗಿ ಹೇಳಬೇಕಾಗಿದೆ. 1969ರ ಕಾಯ್ದೆಗೆ ತಂದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಂದಿನಿಂದ ಹುಟ್ಟುವ ಮಕ್ಕಳಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರಕಾರಿ ಉದ್ಯೋಗ ಮುಂತಾದವುಗಳಿಗೆ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಈ ಒಂದು ಪತ್ರವೇ. 21 ದಿನಗಳೊಳಗೆ ಉಚಿತವಾಗಿ ಆಗುವ ಕೆಲಸ ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶದವರೆಗೆ ಹೋಗುತ್ತದೆ. ಶಾಲೆಗೆ ಸೇರಿಸುವ ಅರ್ಜಿ ತುಂಬುವಾಗ ಮಗುವಿನ ಹೆಸರೊಂದು, ಪತ್ರದಲ್ಲಿರುವುದು ಇನ್ನೊಂದು ಎಂದು ಓಡಾಡುವ ತಂದೆತಾಯಿಯರು ನಮ್ಮಲ್ಲಿ ಕಡಿಮೆಯಿಲ್ಲ. ಅಜ್ಜನ ಹೆಸರಿನ ಕಾಗುಣಿತವೂ ಪ್ರಶ್ನೆಯಾಗುತ್ತಿರುವ ಈ ಕಾಲದಲ್ಲಿ ಇದನ್ನು ಹಗುರವಾಗಿ ಕಾಣುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಕೊನೆಯದಾಗಿ, ಮುಂಜಾವಿನ ಆ ಪೌರಕಾರ್ಮಿಕ ಮಹಿಳೆ. ಪ್ರತಿ 700 ಜನರಿಗೆ ಒಬ್ಬರು ಎಂಬುದು ರಾಜ್ಯ ಒಪ್ಪಿಕೊಂಡ ಮಾನದಂಡ. ನಿಮ್ಮ ವಾರ್ಡಿನ ಜನಸಂಖ್ಯೆಯನ್ನು 700ರಿಂದ ಭಾಗಿಸಿ, ಬೀದಿಯಲ್ಲಿ ಕಾಣುವವರನ್ನು ಎಣಿಸಿ ನೋಡಿ. ಆಕೆಗೆ ಕೈಗವಸು, ಗಂಬೂಟು, ಚಳಿಗೆ ಸ್ವೆಟರ್ ಇದೆಯೇ ಎಂದೂ ನೋಡಿ. ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಅಲ್ಲಿ ಸಾಯುವವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಆದರೂ ಗುಂಡಿ ತುಂಬಿದಾಗ ಒಬ್ಬ ಬಡವನನ್ನು ಹುಡುಕಿ ಕರೆತರುವುದು ನಗರಸಭೆ ಮಾತ್ರವಲ್ಲ, ಮನೆಯ ಯಜಮಾನರೂ ಹೌದು. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನದಂದು ಹಾರ ಹಾಕಿ, ಮರುದಿನ ಹಸಿ ಕಸ ಒಣ ಕಸವನ್ನು ಒಂದೇ ಚೀಲದಲ್ಲಿ ಕಟ್ಟಿ ಆಕೆಯ ಮುಂದೆ ಎಸೆಯುವ ನಮಗೆ ನಗರಸಭೆಯ ನಿರ್ಲಕ್ಷ್ಯದ ಬಗ್ಗೆ ಮಾತನಾಡುವ ನೈತಿಕ ಹಕ್ಕು ಎಷ್ಟಿದೆ?

ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ಓಣಿಗೆ ಐದು ಮಂದಿ ಸಾಕು, ಅವರಲ್ಲಿ ಇಬ್ಬರಾದರೂ ಮಹಿಳೆಯರಿರಲಿ. ನೀರು ಹಿಡಿಯುವವರೂ ಚರಂಡಿಯ ವಾಸನೆ ಸಹಿಸುವವರೂ ಅವರೇ ಅಲ್ಲವೇ? ಓಣಿಯಲ್ಲಿ ನಡೆದು ಒಡೆದ ಚರಂಡಿ, ಸೋರುವ ಪೈಪು, ಉರಿಯದ ದೀಪಗಳ ಪಟ್ಟಿ ಮಾಡಲಿ. ನವೆಂಬರ್‌ನಲ್ಲೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಲಿ. ಬಜೆಟ್ ಪೂರ್ವಭಾವಿ ಸಭೆಯ ದಿನಾಂಕ ತಿಳಿದು ಹಾಜರಾಗಲಿ. ಫೆಬ್ರವರಿಯಲ್ಲಿ ಹೋಗಿ ಏನಾಯಿತೆಂದು ಕೇಳಲಿ. ಮಸೀದಿ ಕಮಿಟಿಗಳೂ ಯುವಕ ಸಂಘಗಳೂ ವರ್ಷಕ್ಕೊಂದು ಸಭೆಯನ್ನು ಇದಕ್ಕಾಗಿ ಮೀಸಲಿಟ್ಟು, ಆ ಸಭೆಗೆ ಓಣಿಯ ಎಲ್ಲ ಧರ್ಮದವರನ್ನೂ ಕರೆಯಲಿ. ಚರಂಡಿಯ ನೀರು ಯಾರ ಮನೆಗೆ ನುಗ್ಗುವಾಗಲೂ ಧರ್ಮ ಕೇಳುವುದಿಲ್ಲ.

ನಗರಸಭೆಗೆ ನಾವು ಹೇಳುವುದು ಇಷ್ಟೇ: ಮಳೆ ಬರುವುದು ನಿಮಗೆ ಗೊತ್ತಿದೆ, ಬೇಸಿಗೆ ಬರುವುದೂ ಗೊತ್ತಿದೆ, ಆದ್ದರಿಂದ ತುರ್ತಿನ ನೆಪ ಹೇಳಬೇಡಿ. ಓದುಗರಿಗೆ ಹೇಳುವುದೂ ಅಷ್ಟೇ: ಮುಂದಿನ ಜೂನ್‌ನಲ್ಲಿ ನೀರು ಮನೆಯೊಳಗೆ ಬಂದಾಗ, ಚಳಿಗಾಲದಲ್ಲಿ ಕೊಟ್ಟ ದೂರಿನ ಸ್ವೀಕೃತಿ ಪತ್ರ ನಿಮ್ಮ ಕೈಯಲ್ಲಿರಲಿ.